ಹಣೆಯ ಮೇಲಿನ ಕೂದಲು

ಜೂನ್ 3, ಬೆಳಿಗ್ಗೆ
ಸಲೂನ್ ಬಾಗಿಲು ತೆರೆದೆ. ಕತ್ತರಿ ಒರೆಸಿಟ್ಟೆ. ಮೊದಲ ಗಿರಾಕಿ ನನ್ನ ಮಗಳೇ! ಶಾಲೆಯ ಬ್ಯಾಗ್ ಸಮೇತ ಕುರ್ಚಿ ಹತ್ತಿದಳು.
"ಅಪ್ಪಾ, ಮುಂದಿನ ಕೂದ್ಲು ಹುಬ್ಬಿನ ತನಕ ಕಟ್ ಮಾಡು. ಹಣೆ ಕಾಣಬಾರ್ದು."
ಹಣೆ ತುಂಬ ಸಣ್ಣ ಗುಳ್ಳೆ, ಸಾಸಿವೆ ಚೆಲ್ಲಿದ ಹಾಗೆ. ತಿಂಗಳ ಕೊನೆಗೆ ಕ್ಲಾಸ್ ಫೋಟೋ. ಹಣೆ ಹೀಗೇ ಇದ್ದರೆ ಫೋಟೋಗೆ ನಿಲ್ಲುವುದಿಲ್ಲವಂತೆ. ಕತ್ತರಿಸಿದೆ... ಮನಸ್ಸಿಲ್ಲದೆ.

ಜೂನ್ 6
ಸಲೂನಿನ ಮಸಾಜ್ ಕ್ರೀಮ್ ಮನೆಗೆ ತಂದೆ. ಒಳ್ಳೆ ಎಣ್ಣೆಯಂಶದ್ದು, ಮದುಮಕ್ಕಳಿಗಷ್ಟೇ ತೆಗೆಯುವ ಡಬ್ಬಿ. ದಿನಾ ನಾನೇ ಹಚ್ಚುತ್ತೇನೆ. ಕಣ್ಣು ಮುಚ್ಚಿ ಕೂರುತ್ತಾಳೆ, ಚಿಕ್ಕವಳಿದ್ದಾಗಿನಂತೆ. ನನಗೂ ಅದೇ ಬೇಕಿತ್ತೇನೋ.

ಜೂನ್ 13
ಗುಳ್ಳೆ ಹೆಚ್ಚಾಗಿದೆ. ತುರಿಕೆ ಬೇರೆ. ಹೆಂಡತಿ ಸುಮ್ಮನಿರಲಿಲ್ಲ— "ನಿಮ್ ಕೈಗುಣ ಗಿರಾಕಿಗಳಿಗೇ ಇರ್ಲಿ. ನಾಳೆ ಡಾಕ್ಟ್ರ ಹತ್ರ ಕರ್ಕೊಂಡ್ ಹೋಗಿ."

ಜೂನ್ 14, ಸಂಜೆ
ಚರ್ಮದ ಡಾಕ್ಟರ್ ಕೂದಲು ಸರಿಸಿ ನೋಡಿದರು. "ಇದು ಮಾಮೂಲಿ ಮೊಡವೆ ಅಲ್ಲ, ಫಂಗಸ್. ತಲೆಹೊಟ್ಟು ಬರ್ಸುತ್ತಲ್ಲ, ಅದೇ ಜಾತಿ. ಎಣ್ಣೆ ಅಂದ್ರೆ ಅದಕ್ಕೆ ಪಂಚಪ್ರಾಣ. ಏನು ಹಚ್ತಿದ್ರಿ?"
ನಾನು ಬಾಯಿ ತೆರೆಯುವ ಮೊದಲೇ ಮಗಳು, "ಏನೋ ಒಂದು ಕ್ರೀಮು. ನಾನೇ ಹಚ್ಕೋತಿದ್ದೆ" ಎಂದುಬಿಟ್ಟಳು.
ಇಪ್ಪತ್ತು ವರ್ಷದಿಂದ ಊರವರ ತಲೆಹೊಟ್ಟಿಗೆಲ್ಲ ಸಲಹೆ ಕೊಟ್ಟವನು ನಾನು. ಮನೆಯಲ್ಲೇ ಹಾವಿಗೆ ಹಾಲೆರೆದೆ. ನಾಚಿಕೆಯಾಯಿತು. ಅವಳ ಸುಳ್ಳಿಗೆ ಕಣ್ಣು ತುಂಬಿತು.

ಜೂನ್ 16
ಡಾಕ್ಟರ್ ಹೇಳಿದಂತೆ ತಲೆಹೊಟ್ಟಿನ ಶಾಂಪೂ ಹಣೆಗೆ ಹಚ್ಚಿ, ಐದು ನಿಮಿಷ ಬಿಟ್ಟು ತೊಳೆಯಬೇಕು. ಆಮೇಲೆ ಎಣ್ಣೆಯಿಲ್ಲದ ಜೆಲ್. ಮೆಡಿಕಲ್ ಶಾಪಿನಲ್ಲಿ ಅರ್ಧ ಗಂಟೆ ಲೇಬಲ್ ಓದಿದೆ. ಮುಂದೆ "ನ್ಯಾಚುರಲ್", ಹಿಂದೆ ಮೂರು ಬಗೆಯ ಎಣ್ಣೆ! ಐದು ಟ್ಯೂಬ್ ವಾಪಸ್ ಇಟ್ಟೆ.
"ಏನ್ ಸಾರ್, ಕ್ರೀಮ್ ಹುಡುಕ್ತಿದೀರಾ, ಅಳಿಯನ್ನಾ?" ಅಂಗಡಿಯವನು ನಕ್ಕ.
ನಗಲಿ. ಆರನೆಯದು ಸಿಕ್ಕಿತು. ಸಲೂನಿನ ಕ್ರೀಮ್ ಡಬ್ಬಿ ಮನೆಯಿಂದ ಆಚೆ.

ಜೂನ್ 27
ಹನ್ನೊಂದು ದಿನ ಬರೆದಿಲ್ಲ. ಬರೆಯುವುದೇನು— ಅವಳ ಹಣೆ ನೋಡುವುದೇ ಕೆಲಸ. ಗುಳ್ಳೆ ಇಳಿದಿವೆ, ಪೂರ್ತಿ ಅಲ್ಲ. ಕಲೆಗಳಿವೆ. ನಾಳೆ ಫೋಟೋ. ನಿಲ್ಲುತ್ತೀಯಾ ಎಂದು ಕೇಳಲು ಧೈರ್ಯವಿಲ್ಲ.

ಜೂನ್ 28, ಬೆಳಿಗ್ಗೆ 7:30
ಯೂನಿಫಾರ್ಮ್ ಹಾಕಿಕೊಂಡು ಸಲೂನಿಗೇ ಬಂದಳು. ಕುರ್ಚಿ ಹತ್ತಿದಳು. ಕನ್ನಡಿಯಲ್ಲಿ ನನ್ನನ್ನೇ ನೋಡಿದಳು.
"ಅಪ್ಪಾ, ಕೂದ್ಲು ಹಿಂದಕ್ಕೆ ಬಾಚಿ ಕ್ಲಿಪ್ ಹಾಕು."
"ಕಲೆ ಕಾಣತ್ತೆ ಮರಿ."
"ಕಾಣ್ಲಿ ಬಿಡು. ನೀನು ಹಾಕಿದ್ರೆ ಚೆನ್ನಾಗೇ ಇರತ್ತೆ."
ಕ್ಲಿಪ್ ಹುಡುಕುವ ನೆಪದಲ್ಲಿ ಒಳಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಕಣ್ಣು ಒರೆಸಿಕೊಂಡು ಹೋಗಬೇಕು. ಕ್ಲಿಪ್ ನನ್ನ ಕೈಯಲ್ಲೇ ಇದೆ.
"ಅಪ್ಪಾ, ಬಸ್ ಹೋಗತ್ತೆ!"
ಬಂದೆ ಮರಿ, ಬಂ—