ಹೆಬ್ಬೆರಳಿನ ಫೋಟೋ

ನವೆಂಬರ್ 9, ಶನಿವಾರ

ವೆಬ್‌ಸೈಟು ಇವತ್ತು ಶುರುವಾಯಿತು. ಖುಷಿಯಾಗಬೇಕಿತ್ತು, ಆಗಲಿಲ್ಲ. ಬೇಸರವೂ ಇಲ್ಲ.

ಯಂತ್ರವಿಲ್ಲದೆ ಬರೀ ಕೈಯಲ್ಲಿ ಮರಗೆಲಸ ಮಾಡುವುದು ಹೇಗೆಂದು ಹನ್ನೊಂದು ಪುಟ ಬರೆದಿದ್ದೇನೆ. ಮೊದಲ ಸಾಲೇ ಇದು: "ಉಳಿ ಹರಿತವಾಗಿದೆಯೋ ಇಲ್ಲವೋ ಹೆಬ್ಬೆರಳು ಹೇಳುತ್ತದೆ." ಅದರ ಪಕ್ಕ ಫೋಟೋ ಇರಲೇಬೇಕೆಂದು ಅಕ್ಕನ ಮಗಳು ಹಟ ಹಿಡಿದಳು. ಅಲಗಿನ ಮೇಲೆ ಬೆರಳಿಟ್ಟು ಕೂತೆ. ಅವಳು ಫೋಟೋ ತೆಗೆದು, ಫೋನನ್ನು ಹತ್ತಿರ ಹಿಡಿದು ನೋಡಿದಳು.

"ಮಾಮ, ರಕ್ತ ಬರ್ತಿದೆ!"

"ರಕ್ತ ಅಲ್ಲ ಕಣೇ, ಕೆಮ್ಮಣ್ಣು. ಈಗಷ್ಟೇ ಹಲಗೆಗೆ ಗೆರೆ ಹಾಕಿದ್ನಲ್ಲ."

ನಂಬಿದಳು. ಫೋಟೋ ಹಾಗೇ ಹಾಕಿದಳು. ನಾನು ಯಾವ ಹಲಗೆಗೂ ಗೆರೆ ಹಾಕಿರಲಿಲ್ಲ. ಬೆರಳು ಕೊಯ್ದದ್ದು ನನಗೆ ಗೊತ್ತೇ ಆಗಿರಲಿಲ್ಲ. ಆರು ತಿಂಗಳಿಂದ ಬಲಗೈಯ ಮೂರು ಬೆರಳಿಗೆ ಮರವೂ ಒಂದೇ, ಕಬ್ಬಿಣವೂ ಒಂದೇ. ಮನೆಯಲ್ಲಿ ಹೇಳಿಲ್ಲ. ಹೇಳಿದರೆ ಉಳಿ, ಗರಗಸ ಎಲ್ಲವನ್ನೂ ಚೀಲಕ್ಕೆ ತುಂಬಿ ಅಟ್ಟಕ್ಕೆ ಹಾಕುತ್ತಾರೆ, ಅಷ್ಟೇ.

ಸಂಜೆ ಮೊದಲ ಪ್ರಶ್ನೆ ಬಂತು. ಯಾರೋ ಹೊಸದಾಗಿ ಕಲಿಯುವವರು. "ಹೆಬ್ಬೆರಳು ಹೇಳುತ್ತೆ ಅಂದ್ರಲ್ಲ, ಏನು ಹೇಳುತ್ತೆ ಸಾರ್?"

ತುಂಬಾ ಹೊತ್ತು ನೆನಪು ಮಾಡಿಕೊಂಡೆ. ಹರಿತವಾದ ಅಲಗು ಚರ್ಮವನ್ನು ಮೆಲ್ಲಗೆ ಹಿಡಿದುಕೊಳ್ಳುತ್ತದೆ, ಬೆಕ್ಕು ನೆಕ್ಕಿದ ಹಾಗೆ. ಎಡಗೈಯಲ್ಲಿ ಒಂದೊಂದೇ ಅಕ್ಷರ ಒತ್ತಿ ಅದನ್ನೇ ಬರೆದೆ.

ಸ್ವಲ್ಪ ಹೊತ್ತಿಗೆ ಉತ್ತರ ಬಂತು. "ಈಗ್ಲೇ ಮುಟ್ಟಿ ನೋಡಿದೆ ಸಾರ್. ಹಾಗೇ ಇದೆ!"

ಹಾಗೇ ಇದೆಯಂತೆ. ಆ ಸಾಲನ್ನು ನಾಲ್ಕು ಸಲ ಓದಿದೆ.

ಗಾಯಕ್ಕೆ ಇನ್ನೂ ಬಟ್ಟೆ ಕಟ್ಟಿಲ್ಲ. ನೋವಿಲ್ಲವಲ್ಲ, ಮರೆತೇ ಹೋಗಿತ್ತು.