ಹೆಸರಿಗೊಬ್ಬ ಮೇಷ್ಟ್ರು

ಮನೆಯಿಂದ,
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ತಮ್ಮಾ,

ಕ್ಷೇಮವಾಗಿದ್ದೀಯ ಎಂದುಕೊಂಡಿದ್ದೇನೆ. ನಿನ್ನ ಹೆಂಡತಿಯ ಬೆನ್ನುನೋವು ಕಡಿಮೆಯಾಯಿತೆ? ಭಾರ ಎತ್ತಬೇಡ ಎಂದು ನಾನು ಹೇಳಿದೆನೆಂದು ಹೇಳು, ನೀರಿನ ಕ್ಯಾನು ನೀನೇ ಎತ್ತು. ಪಾಪುವಿಗೆ ಹಲ್ಲು ಬಂದಿರಬೇಕು, ಕೈಗೆ ಸಿಕ್ಕಿದ್ದನ್ನೆಲ್ಲ ಕಚ್ಚುವ ಕಾಲ. ಇಲ್ಲಿ ನಿನ್ನ ಭಾವನಿಗೆ ಬಸ್ಸಿನ ರೂಟು ಬದಲಾಯಿಸಿದ್ದಾರೆ, ಬೆಳಕು ಹರಿಯುವ ಮೊದಲೇ ಹೊರಟು ಮಧ್ಯಾಹ್ನ ಮನೆಗೆ ಬಂದು ಸೋಫಾ ಮೇಲೆ ಉರುಳಿಕೊಳ್ಳುತ್ತಾರೆ. ನನ್ನ ಹೊಲಿಗೆ ಮಿಷನ್ನಿನ ಸದ್ದಿಗೂ ಎಚ್ಚರವಾಗುವುದಿಲ್ಲ. ಅಪ್ಪನ ಸಕ್ಕರೆ ಹತೋಟಿಯಲ್ಲಿದೆ, ಮಂಡಿ ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ಕುಶಲ ವಿಚಾರಿಸುವುದು ಇಲ್ಲಿಗೆ ಮುಗಿಯಿತು. ಇನ್ನು ಮುಂದೆ ಬರೆಯುವುದನ್ನು ಕೂತುಕೊಂಡು ಓದು.

ಫೋನು ಮಾಡಿದರೆ ನೀನು ಎತ್ತುತ್ತಿಲ್ಲ. "ಮೀಟಿಂಗ್‌ನಲ್ಲಿದೀನಿ, ಆಮೇಲೆ ಮಾಡ್ತೀನಿ" ಎಂಬ ಮೆಸೇಜು ಬರುತ್ತದೆ. ಆ ಆಮೇಲೆ ಎಂಬುದು ಇನ್ನೂ ಬಂದಿಲ್ಲ. ಅದಕ್ಕೇ ಈ ಪತ್ರ. ಫೋನನ್ನಾದರೆ ನಡುವೆ ಕತ್ತರಿಸಬಹುದು, ಅಕ್ಕನ ಅಕ್ಷರ ಕಂಡ ಮೇಲೆ ಓದದೆ ಎತ್ತಿಡಲು ನಿನ್ನಿಂದಾಗದು. ನೀನು ಯಾಕೆ ಫೋನು ಎತ್ತುತ್ತಿಲ್ಲ ಎಂಬುದೂ ನನಗೆ ಗೊತ್ತು. ನೀನು ಕೆಲಸ ಮಾಡುವ ಸಂಸ್ಥೆ ಚಂದಾ ಎತ್ತಲು ನಿನ್ನಿಂದ ಮಾತಾಡಿಸಿ ತೆಗೆದ ಆ ಸಿನಿಮಾ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ ಎಂದುಕೊಂಡಿದ್ದೆ ನೀನು. ಎಲ್ಲೋ ದೂರದ ದೊಡ್ಡ ಹೋಟೆಲಿನಲ್ಲಿ, ದುಡ್ಡಿದ್ದವರು ಊಟಕ್ಕೆ ಮೊದಲು ನೋಡಿ ಕಣ್ಣೊರೆಸಿಕೊಂಡು ಚೆಕ್ಕು ಬರೆಯುವುದಕ್ಕಷ್ಟೇ ಅದು ಎಂದುಕೊಂಡಿದ್ದೆ. ಆದರೆ ನಿಮ್ಮ ಸಂಸ್ಥೆಯವರು ಅದನ್ನು ತಂದು ಅಪ್ಪ ಪಾಠ ಹೇಳಿದ ನಮ್ಮ ಶಾಲೆಯಲ್ಲೇ ತೋರಿಸಿದರು ಕಣೋ. ಅಪ್ಪನನ್ನು ಮೊದಲ ಸಾಲಿನಲ್ಲಿ ಕೂರಿಸಿ ತೋರಿಸಿದರು.

ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ನೀನು ಬೇರೆಯವರ ಬಾಯಿಂದ ಕೇಳುವುದು ಬೇಡ. ಸಂಸ್ಥೆಯವರು ಕಟ್ಟಿಸಿದ ಹೊಸ ಕೊಠಡಿಗಳನ್ನು ಕಳೆದ ತಿಂಗಳು ತೆರೆದರು. ಇಲ್ಲಿಯ ನಿಮ್ಮ ಸಂಯೋಜಕಿ ಹುಡುಗಿ ಮನೆಗೇ ಬಂದು ಅಪ್ಪನನ್ನು ಕರೆದಳು. "ಈ ಶಾಲೆಗೆ ನಿಮಗಿಂತ ಹಳಬರು ಯಾರಿದಾರೆ ಸರ್, ನೀವು ಬರಲೇಬೇಕು" ಎಂದಳು. ಅಪ್ಪನ ಸಂಭ್ರಮ ನೋಡಬೇಕಿತ್ತು. ಬಿಳಿ ಅಂಗಿಯ ಕಾಲರು ಸವೆದಿತ್ತು, ಬಿಚ್ಚಿ ತಿರುಗಿಸಿ ಹೊಲಿದುಕೊಟ್ಟೆ. ಕಾರ್ಯಕ್ರಮ ಶುರುವಾಗುವುದಕ್ಕೆ ಎಷ್ಟೋ ಹೊತ್ತು ಮೊದಲೇ ಹೋಗಿ ಬಣ್ಣದ ವಾಸನೆ ಇನ್ನೂ ಆರದ ಕೊಠಡಿಗಳನ್ನೆಲ್ಲ ಸುತ್ತಿ, ನಲ್ಲಿ ತಿರುಗಿಸಿ ನೀರು ಬರುವುದನ್ನು ನೋಡಿ, ಬೆಂಚುಗಳನ್ನು ಅಲುಗಾಡಿಸಿ ಪರೀಕ್ಷೆ ಮಾಡಿ, ನನ್ನ ಹತ್ತಿರ ಬಂದು "ಗಟ್ಟಿಯಾಗಿ ಮಾಡಿದಾರೆ ಕಣೇ" ಎಂದು ಮೂರು ಸಲ ಹೇಳಿದರು. ಆಮೇಲೆ ದೀಪ ಆರಿಸಿದರು. ಪರದೆಯ ಮೇಲೆ ನಿನ್ನ ಮುಖ ಬಂತು. ಅಪ್ಪ ಪಕ್ಕದಲ್ಲಿ ಕೂತಿದ್ದ ಹೊಸ ಹೆಡ್‌ಮಿಸ್ ಕಡೆಗೆ ಬಾಗಿ "ನಮ್ಮ ಹುಡುಗ" ಎಂದರು. ಆ ಮಾತು ಅವರ ಬಾಯಲ್ಲಿ ಇನ್ನೂ ಇತ್ತು, ಅಷ್ಟರಲ್ಲಿ ನೀನು ಶುರು ಮಾಡಿದೆ.

"ನಮ್ಮ ಶಾಲೆಯಲ್ಲೂ ಒಬ್ಬ ಮೇಷ್ಟ್ರಿದ್ದರು, ಹೆಸರಿಗೆ. ಕುರ್ಚಿಯಲ್ಲಿ ಕೂತು ನಿದ್ದೆ ಹೋಗುತ್ತಿದ್ದರು. ಹನ್ನೊಂದು ವರ್ಷವಾದರೂ ನನಗೆ ನನ್ನ ಹೆಸರು ಬರೆಯಲು ಬರುತ್ತಿರಲಿಲ್ಲ. ಈ ಸಂಸ್ಥೆ ಬರದಿದ್ದರೆ ನಾನು ಇಂದಿಗೂ ಹೆಬ್ಬೆಟ್ಟು."

ಚಿಕ್ಕವನಿದ್ದಾಗ ನಿನ್ನ ಗಂಟಲಿಗೆ ಹೆದರಿ ಓಣಿಯವರೆಲ್ಲ ನಿನ್ನನ್ನು ಮೈಕು ಎನ್ನುತ್ತಿದ್ದರು. ಅದೇ ಮೈಕು ಆ ಹೊಸ ಗೋಡೆಗಳಿಗೆ ಬಡಿದು ಅನುರಣಿಸಿತು. ಒಂದೊಂದು ಪದವೂ ಸ್ಪಷ್ಟ. ನಿನ್ನ ಉಚ್ಚಾರ ಎಷ್ಟು ಚೆನ್ನಾಗಿದೆ ಗೊತ್ತಾ? ಅದನ್ನು ತಿದ್ದಿದವರು ಯಾರೋ? ಒತ್ತಕ್ಷರ ನುಂಗಬೇಡ ಎಂದು ಊಟಕ್ಕೆ ಕೂತಾಗಲೂ ನಿನ್ನ ಬೆನ್ನು ಹತ್ತುತ್ತಿದ್ದವರು ಯಾರು? ಐದು ವರ್ಷ ತುಂಬುವ ಮೊದಲೇ ನೀನು ಪಕ್ಕದ ಮನೆಯ ಗೋಡೆ ತುಂಬ ಇದ್ದಿಲಿನಲ್ಲಿ ನಿನ್ನ ಹೆಸರು ಗೀಚಿದ್ದೆ, ಅವರು ಜಗಳಕ್ಕೆ ಬಂದಾಗ ಅಪ್ಪ ಗೋಡೆ ತೊಳೆದುಕೊಟ್ಟು, ಒಳಗೆ ಬಂದು "ಅಕ್ಷರ ಮಾತ್ರ ದುಂಡಗಿದೆ" ಎಂದು ನಕ್ಕಿದ್ದರು. ಹನ್ನೊಂದು ವರ್ಷವಂತೆ! ಸುಳ್ಳು ಹೇಳಿದರೂ ನಂಬುವ ಹಾಗಿರಬೇಕು ಎನ್ನುತ್ತಾರೆ, ನೀನಂತೂ ನಿಜ ಕಂಡ ನಮ್ಮ ಮುಂದೆಯೇ ಹೇಳಿಬಿಟ್ಟೆ.

 ಸಭೆಯಲ್ಲಿದ್ದವರು ಒಬ್ಬೊಬ್ಬರೇ ತಿರುಗಿ ಅಪ್ಪನನ್ನು ನೋಡಿದರು. ನಿನ್ನ ಜೊತೆ ಓದಿದ ಗ್ಯಾರೇಜಿನವನು ಎದ್ದು ನಿಂತೇಬಿಟ್ಟ, ಅವನ ಹೆಂಡತಿ ಅಂಗಿ ಜಗ್ಗಿ ಕೂರಿಸಿದಳು. ಅಪ್ಪ ಮಾತ್ರ ನೆಟ್ಟಗೆ ಕೂತಿದ್ದರು. ಸಿನಿಮಾ ಮುಗಿದಾಗ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವರು ಅವರೇ. ಅದನ್ನು ನೋಡಿ ಉಳಿದವರೂ ಅರ್ಧ ಮನಸ್ಸಿನಿಂದ ತಟ್ಟಿದರು. ಮನೆಗೆ ನಡೆದು ಬರುವಾಗ ನಾನು ಕೆಂಡವಾಗಿದ್ದೆ. ಅವರು ಹೇಳಿದ್ದು ಇಷ್ಟೇ: "ಹಾಗೆ ಹೇಳಿದ್ರೇನೇ ಜನ ಕೊಡೋದಿರಬೇಕು. ಹೋಗಲಿ ಬಿಡು, ನಲ್ಲಿ ಬಂತಲ್ಲ."

ನನಗೆ ಬಿಡಲಾಗುವುದಿಲ್ಲ. ನಿಮ್ಮ ಸಂಸ್ಥೆ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ, ಹಾಗೆಂದರೆ ನಾಲಿಗೆಗೆ ಹುಳ ಬಿದ್ದೀತು. ಸೋರುವ ಸೂರಿನ ಕೆಳಗೆ ಐದು ತರಗತಿಯ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡು ಅಪ್ಪ ಒಬ್ಬರೇ ಒದ್ದಾಡುತ್ತಿದ್ದದ್ದನ್ನು ಕಂಡವಳು ನಾನು. ಸರ್ಕಾರ ಎರಡನೆಯ ಮೇಷ್ಟ್ರನ್ನು ಕೊಡಲೇ ಇಲ್ಲ. ಈಗ ಹುಡುಗಿಯರಿಗೆ ಬಾಗಿಲಿರುವ ಶೌಚಾಲಯವಿದೆ, ಕಪಾಟಿನಲ್ಲಿ ಪುಸ್ತಕಗಳಿವೆ, ನಿನ್ನನ್ನು ಹಾಸ್ಟೆಲಿನಲ್ಲಿಟ್ಟು ಓದಿಸಿದವರೂ ಅವರೇ. ಒಪ್ಪಿದೆ. ಆದರೆ ಆ ಸಂಸ್ಥೆ ನಮ್ಮ ಓಣಿಗೆ ತಾನಾಗಿ ದಾರಿ ಕೇಳಿಕೊಂಡು ಬಂತೆ? ರಜಾ ದಿನಗಳಲ್ಲಿ ಅಪ್ಪ ಸಂಸ್ಥೆಯ ಆಫೀಸಿಗೆ ಹೋಗಿ ಹೊರಗಿನ ಬೆಂಚಿನ ಮೇಲೆ ಕಾಯುತ್ತಿದ್ದರು. ಕಾವಲುಗಾರನಿಗೇ ಬೇಜಾರಾಗಿ "ಮತ್ತೆ ಬಂದ್ರಾ ಮೇಷ್ಟ್ರೇ" ಎನ್ನುತ್ತಿದ್ದನಂತೆ. ಒಂದು ಸಲ ನಿನ್ನನ್ನೂ ಕರೆದುಕೊಂಡು ಹೋಗಿದ್ದರು, ಅಲ್ಲಿ ಯಾರೋ ಕೊಟ್ಟ ಬಿಸ್ಕತ್ತನ್ನು ನೀನು ನನಗೂ ಅಂತ ಜೇಬಿನಲ್ಲಿಟ್ಟು ತಂದು ಪುಡಿ ಮಾಡಿದ್ದೆ. ಹತ್ತಿದ ಏಣಿಯನ್ನು ಒದೆಯುವವರನ್ನು ನೋಡಿದ್ದೇನೆ. ಏಣಿ ಹಿಡಿದುಕೊಂಡು ನಿಂತವನನ್ನು ಒದ್ದವನು ನೀನೇ ಮೊದಲಿಗ.

ಮಾರನೆಯ ದಿನ ಸಂಯೋಜಕಿಯ ಹತ್ತಿರ ಹೋದೆ. ಮಕ್ಕಳ ಸಮವಸ್ತ್ರ ಹೊಲಿಯಲು ಕೊಟ್ಟಿದ್ದ ಬಟ್ಟೆಯ ಗಂಟನ್ನೂ ಹೊತ್ತುಕೊಂಡೇ ಹೋಗಿ ಅವಳ ಮೇಜಿನ ಮೇಲಿಟ್ಟೆ. ನಿಮ್ಮ ಕೆಲಸವೂ ಬೇಡ, ಕೂಲಿಯೂ ಬೇಡ ಎಂದೆ. ಪಾಪ, ಹುಡುಗಿ ಕೆಟ್ಟವಳಲ್ಲ, ಬಿಸಿಲಲ್ಲಿ ಮನೆಮನೆ ಸುತ್ತಿ ಶಾಲೆ ಬಿಟ್ಟ ಮಕ್ಕಳನ್ನು ಕರೆತರುವವಳು ಅವಳೇ. ತಾನೂ ಅಂದೇ ಮೊದಲ ಸಲ ನೋಡಿದ್ದು ಎಂದಳು. "ಅಕ್ಕಾ, ಅದರಲ್ಲಿ ಯಾರ ಹೆಸರನ್ನೂ ಹೇಳಿಲ್ಲವಲ್ಲ" ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟಳು. ಶಾಲೆಗೆ ಇದ್ದವರೇ ಒಬ್ಬ ಮೇಷ್ಟ್ರು, ಹೆಸರು ಯಾಕಮ್ಮಾ ಬೇಕು ಎಂದೆ. ದೊಡ್ಡ ಆಫೀಸಿನವರು ಬರೆದುಕೊಟ್ಟದ್ದನ್ನು ನನ್ನ ತಮ್ಮ ಓದಿರಬೇಕು, ಅವರಿಗೆ ಹೇಳಿ ತೆಗೆಸು ಎಂದೆ. ಆಗ ಅವಳು ತಲೆ ತಗ್ಗಿಸಿದಳು. ಫೋನು ಮಾಡಿ ವಿಚಾರಿಸಿದ್ದಳಂತೆ. "ಇಲ್ಲ ಅಕ್ಕಾ. ಮೊದಲು ಬರೆದದ್ದರಲ್ಲಿ ಮೇಷ್ಟ್ರು ಒಳ್ಳೆಯವರೇ ಇದ್ದರಂತೆ. ಕತೇಲಿ ಕಷ್ಟ ಸಾಲದು ಅಂತ ಮೇಲಿನವರು ಅಂದ್ರಂತೆ. ನಿದ್ದೆ ಮಾತನ್ನ ಸರ್ ಅವರೇ ಸೇರಿಸಿದ್ದು."

ಆ ಸರ್ ನೀನು. ಅಲ್ಲಿಯವರೆಗೆ ನನಗಿದ್ದದ್ದು ಸಿಟ್ಟು, ಅಲ್ಲಿಂದ ಮುಂದೆ ಇರುವುದಕ್ಕೆ ಹೆಸರು ಹುಡುಕುತ್ತಿದ್ದೇನೆ. ಏಕೆಂದರೆ ಅಪ್ಪ ಕುರ್ಚಿಯಲ್ಲಿ ತೂಕಡಿಸಿದ್ದು ಸುಳ್ಳಲ್ಲ. ಅಮ್ಮ ಕೊನೆಯ ಸಲ ಆಸ್ಪತ್ರೆ ಸೇರಿದ ಆ ಕೆಲವು ತಿಂಗಳು ತೂಕಡಿಸಿದರು. ರಾತ್ರಿಯೆಲ್ಲ ಅವಳ ಮಂಚದ ಪಕ್ಕ ಕೂತು, ಅಲ್ಲಿಂದಲೇ ಮುಖ ತೊಳೆದು ಶಾಲೆಗೆ ಬರುತ್ತಿದ್ದರು. ಒಂದು ದಿನವೂ ಬಾಗಿಲು ಮುಚ್ಚಲಿಲ್ಲ. ಇದು ನಿನಗೆ ಗೊತ್ತಿಲ್ಲದ ಸಂಗತಿಯೇ? ಆಸ್ಪತ್ರೆಯ ಕಾರಿಡಾರಿನಲ್ಲಿ ಅಪ್ಪನ ಕೋಟು ಹೊದ್ದು ನೀನೂ ಮಲಗುತ್ತಿದ್ದೆ. ದುಡ್ಡು ಕೊಡುವವರ ಕಣ್ಣಲ್ಲಿ ನೀರು ತರಿಸಬೇಕಿದ್ದರೆ ಆ ಕೋಟಿನ ಕತೆ ಹೇಳಬಹುದಿತ್ತಲ್ಲೋ. ಅಮ್ಮನ ಸಾವಿನೊಳಗೆ ಕೈ ಹಾಕಿ, ನಿನಗೆ ಬೇಕಾದ ಚೂರನ್ನು ಮಾತ್ರ ಹೆಕ್ಕಿಕೊಂಡು ಮಾರಿದೆಯಲ್ಲ.

ಬಟ್ಟೆ ವಾಪಸು ಕೊಟ್ಟು ಬಂದದ್ದು ತಿಳಿದು ಅಪ್ಪ ನನಗೇ ಬೈದರು. "ಅಕ್ಕ ತಮ್ಮನ ಜಗಳಕ್ಕೆ ಮಕ್ಕಳು ಹರಕು ಹಾಕ್ಕೊಂಡು ಓಡಾಡ್ಬೇಕಾ?" ಎಂದು ತಾವೇ ಹೋಗಿ ಗಂಟು ಹೊತ್ತು ತಂದರು. ಈಗ ಹೊಲಿಯುತ್ತಿದ್ದೇನೆ. ಒಂದೊಂದು ಗುಂಡಿಗೂ ನಿನ್ನನ್ನು ಬೈದು ದಾರ ಕಡಿಯುತ್ತಿದ್ದೇನೆ.

ಇಷ್ಟಕ್ಕೇ ಮುಗಿದಿದ್ದರೆ ಬೈದು ಸುಮ್ಮನಾಗುತ್ತಿದ್ದೆ. ನಿವೃತ್ತಿಯಾದ ಮೇಲೂ ಅಪ್ಪ ದಿನಾ ಸಂಜೆ ಶಾಲೆಯ ಜಗಲಿಯಲ್ಲಿ ಕೂತು ಓದಲು ತಡವರಿಸುವ ಮಕ್ಕಳಿಗೆ ಓದಿಸುತ್ತಿದ್ದದ್ದು ನಿನಗೆ ಗೊತ್ತು. ಸಂಬಳವಿಲ್ಲ, ಹೇಳುವವರಿಲ್ಲ, ಅವರ ಖುಷಿ. ಹೊಸದಾಗಿ ಈ ಕಡೆ ಮನೆ ಮಾಡಿದ ಒಬ್ಬ ಲಾರಿ ಡ್ರೈವರು ಹೆಡ್‌ಮಿಸ್ ಹತ್ತಿರ ಹೋಗಿ "ಸಿನಿಮಾದಲ್ಲಿ ಬಂದ ನಿದ್ದೆ ಮೇಷ್ಟ್ರು ಇವರೇನಾ? ನನ್ನ ಮಗಳನ್ನ ಇವರ ಹತ್ರ ಕೂರಿಸ್ಬೇಡಿ" ಎಂದನಂತೆ. ಅವನದೇನು ತಪ್ಪು? ಸ್ವಂತ ಮಗನೇ ಹೇಳಿದ ಮೇಲೆ ಪರರು ನಂಬದೆ ಇರುತ್ತಾರೆಯೇ? ಅವನನ್ನು ನೋಡಿ ಇನ್ನಿಬ್ಬರು ತಮ್ಮ ಮಕ್ಕಳನ್ನು ಕರೆದೊಯ್ದರು. ಕೊನೆಗೆ ಹೆಡ್‌ಮಿಸ್ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ "ಸ್ವಲ್ಪ ದಿನ ವಿಶ್ರಾಂತಿ ತಗೊಳ್ಳಿ ಸರ್, ದಾನಿಗಳು ಬಂದುಹೋಗಲಿ" ಎಂದರು. ಅಪ್ಪ ಕೈಗೆ ಮೆತ್ತಿದ ಸೀಮೆಸುಣ್ಣವನ್ನೂ ತೊಳೆಯದೆ ಮನೆಗೆ ಬಂದರು. ಅಂದಿನಿಂದ ಸಂಜೆಯಾದರೆ ಕಿಟಕಿಯ ಪಕ್ಕ ಕೂರುತ್ತಾರೆ. ಗ್ಯಾರೇಜಿನವನೂ, ಅಪ್ಪನ ಹತ್ತಿರ ಓದಿ ಈಗ ಆಸ್ಪತ್ರೆಯಲ್ಲಿ ನರ್ಸಾಗಿರುವವಳೂ, ಇನ್ನೂ ನಾಲ್ಕಾರು ಹಳೆಯ ಶಿಷ್ಯರೂ ಬಂದು, ಸಂಸ್ಥೆಯ ಮುಂದೆ ಹೋಗಿ ಧರಣಿ ಕೂರುತ್ತೇವೆ ಎಂದು ಹಾರಾಡಿದರು. ಅಪ್ಪ ಅವರಿಗೆ ಟೀ ಕುಡಿಸಿ ಕಳಿಸಿದರು. "ಹುಡುಗನ ಕೆಲಸಕ್ಕೆ ಕುತ್ತು ಬರತ್ತೆ, ಬೇಡ್ರಪ್ಪಾ" ಎಂದರು. ಕೇಳಿಸಿತೇನೋ? ನಿನ್ನ ಕೆಲಸಕ್ಕೆ.

ನಿನ್ನ ಭಾವ "ಸ್ವಲ್ಪ ತಣ್ಣಗಾಗಿ ಬರಿಯೇ" ಎಂದಿದ್ದರು. ತಣ್ಣಗಾಗುವ ಲಕ್ಷಣ ಕಾಣದ್ದರಿಂದ ಹೀಗೇ ಬರೆದೆ. ಆ ಸಿನಿಮಾ ಇನ್ನೊಂದು ಸಲ ಎಲ್ಲೂ ಓಡಬಾರದು. ಅದಕ್ಕೆ ಯಾರ ಕಾಲು ಹಿಡಿಯಬೇಕೋ, ಯಾರ ಹತ್ತಿರ ಬೈಸಿಕೊಳ್ಳಬೇಕೋ ಅದು ನಿನ್ನ ಪಾಡು. ಸಮಾಧಾನ ಮಾಡಲು ಅಪ್ಪನ ಹೆಸರಿಗೆ ಹಣ ಕಳಿಸಿದೆಯೋ, ಬಂದ ದಾರಿಯಲ್ಲೇ ಹಿಂದೆ ಬರುತ್ತದೆ.

ನಿನ್ನ ಹೆಂಡತಿಗೆ ನನ್ನ ನೆನಪುಗಳು, ಪಾಪುವಿನ ಎರಡೂ ಕೆನ್ನೆಗೆ ಮುತ್ತು. ನಿನಗೂ ಒಳ್ಳೆಯದಾಗಲಿ ಎಂದೇ ಬರೆಯುತ್ತಿದ್ದೇನೆ, ಹಲ್ಲು ಕಚ್ಚಿಕೊಂಡು.

ನಿನ್ನ ಅಕ್ಕ

ತಾಜಾ ಕಲಂ: ಲಕೋಟೆಗೆ ಅಂಟು ಹಚ್ಚುತ್ತಿದ್ದೆ, ಅಪ್ಪ ಬಂದು ಬಾಗಿಲಲ್ಲಿ ನಿಂತರು. ನಿನಗೆ ಬರೆಯುತ್ತಿರುವುದು ಅವರಿಗೆ ತಿಳಿಯದು. ಅಲ್ಲಿಂದಲೇ ಕೇಳಿದರು: "ಅವನು ಹೇಳಿದ್ದು ನಿಜಾನೇ ಇರಬಹುದೇನೇ? ಕಲಿಸ್ದೆ ಅಂತ ನಾನಂದ್ಕೊಂಡಿದೀನಿ. ಕಲಿಸಿದ್ನೋ ಇಲ್ವೋ ಅನ್ನೋದು ಕಲಿತೋರಿಗಲ್ವಾ ಗೊತ್ತಿರೋದು?" ಇಲ್ಲಪ್ಪಾ, ಸುಳ್ಳು ಎಂದೆ. ನೀನು ಮಗಳು, ಹಾಗೇ ಹೇಳ್ತೀಯ ಎಂದು ಒಳಗೆ ಹೋದರು. ನನ್ನ ಮಾತನ್ನು ಅವರು ನಂಬುತ್ತಿಲ್ಲ, ಗ್ಯಾರೇಜಿನವನ ಮಾತನ್ನೂ ನಂಬಲಿಲ್ಲ. ನಿನ್ನದನ್ನು ಮಾತ್ರ ನಂಬುತ್ತಾರೆ, ಅದೇ ನಮ್ಮ ಕರ್ಮ. ಫೋನು ಬೇಡ, ಪತ್ರವೂ ಬೇಡ. ಹೊರಟು ಬಾ.