ಕಚೇರಿ ಮಾನ್ಯ ಮಾಡಿದ ದಾಂಪತ್ಯ

ಫೆಬ್ರವರಿ 9
ಮೂರನೇ ನಂಬರ್ ಮಷಿನ್ ಮತ್ತೆ ಕೆಟ್ಟಿದೆ. ಈ ವಾರದಲ್ಲಿ ನಾಲ್ಕನೇ ಸಲ. ಯುದ್ಧ ಶುರುವಾಗಿ ನಮ್ಮನ್ನೆಲ್ಲ ಈ ಶಿಬಿರಕ್ಕೆ ತುಂಬಿದ ಮೇಲೆ, ಹೆಂಗಸರ ಶೆಡ್ಡಿಗೆ ಕಾಲಿಡಲು ಪರವಾನಗಿ ಇರುವ ಏಕೈಕ ಗಂಡು ಕೈದಿ ನಾನು — ಹೊಲಿಗೆ ಮಷಿನ್ ರಿಪೇರಿಯವನು. ಬಿಚ್ಚಿ ನೋಡಿದೆ. ಬೆಲ್ಟು ಸಡಿಲ. ತಾನಾಗಿ ಸಡಿಲವಾದದ್ದಲ್ಲ. ಆ ಮಷಿನ್ನಿನಲ್ಲಿ ಹೊಲಿಯುವ ಕೈದಿ ಹೆಂಗಸು ತಲೆ ತಗ್ಗಿಸಿ ಸೈನ್ಯದ ಪ್ಯಾಂಟಿಗೆ ಗುಂಡಿ ಹಚ್ಚುತ್ತಿದ್ದಳು, ಲೋಕದ ಗೊಡವೆಯೇ ಇಲ್ಲದವಳ ಹಾಗೆ. ಬಿಗಿ ಮಾಡಿದೆ... ತೀರಾ ಬಿಗಿಯೇನಲ್ಲ.

ಫೆಬ್ರವರಿ 20
ನೋಟಿಸು ಅಂಟಿಸಿದ್ದಾರೆ. ಗಂಡ-ಹೆಂಡತಿಯರನ್ನು ಕೈದಿಗಳ ವಿನಿಮಯದಲ್ಲಿ ಊರಿಗೆ ಕಳಿಸುತ್ತಾರಂತೆ. ಒಂಟಿ ಹೆಂಗಸರು ಇಲ್ಲೇ. ಒಂಟಿ ಗಂಡಸರು ಕಲ್ಲುಕ್ವಾರಿಗೆ. ಹಿಂದೆ ಅಲ್ಲಿಗೆ ಹೋದ ನಲವತ್ತು ಜನರಲ್ಲಿ ಕಾಗದ ಬಂದದ್ದು ಒಬ್ಬನದು. ಅದೂ ಬೇರೆಯವರು ಬರೆದದ್ದು.

ಮಧ್ಯಾಹ್ನ ಮಷಿನ್ ಕೆಟ್ಟಿತು. ಎಣ್ಣೆ ಬಿಡುತ್ತಿದ್ದೆ. ಸೂಜಿಗೆ ದಾರ ಪೋಣಿಸುತ್ತಲೇ ಹೇಳಿದಳು: "ಮಷಿನ್‌ನವರೇ, ನಮಗೆ ಮದುವೆಯಾಗಿ ಆರು ವರ್ಷ. ಕಾಗದಪತ್ರ ಸುಟ್ಟುಹೋಯ್ತು. ನೆನಪಿಟ್ಕೊಳ್ಳಿ."

ಎಣ್ಣೆಯೆಲ್ಲ ಪ್ಯಾಂಟಿನ ಮೇಲೆ. ಯಾವನೋ ಸಿಪಾಯಿ ಕ್ಷಮಿಸಲಿ.

ಫೆಬ್ರವರಿ 26
ಮಷಿನ್ ದಿನಾ ಕೆಡುತ್ತಿದೆ. ಸಂಸಾರದ ಪಾಠ ನಡೆಯಬೇಕಲ್ಲ. ನನ್ನ ಅತ್ತೆಗೆ ಮಂಡಿನೋವು. ಭಾವಮೈದುನ ಶುದ್ಧ ಸೋಮಾರಿ. ಮದುವೆಯಲ್ಲಿ ಮಳೆ ಬಂದಿತ್ತು. "ರೀ" ಅಂತ ಕರೆಯುವುದನ್ನು ಅಭ್ಯಾಸ ಮಾಡಿದಳು. ಮೊದಲ ಮೂರು ಸಲ ನಗು ಬಂತು. ನಾಲ್ಕನೇ ಸಲ ಇಬ್ಬರಿಗೂ ಬರಲಿಲ್ಲ.

ಮಾರ್ಚ್ 4, ಸಂಜೆ
ಗಂಡ-ಹೆಂಡತಿ ಅಂತ ನಾವು ಕೊಟ್ಟ ಅರ್ಜಿಗೆ ಇವತ್ತು ವಿಚಾರಣೆ.

ಕಚೇರಿಯ ಗುಮಾಸ್ತ ಒಬ್ಬೊಬ್ಬರನ್ನೇ ಕರೆದು ಕೇಳಿದ. ಇಷ್ಟು ದಿನ ಯಾಕೆ ಹೇಳಲಿಲ್ಲ ಅಂದ. ಬಂದ ದಿನ ಗಂಡಸರು ಎಡಕ್ಕೆ ಹೆಂಗಸರು ಬಲಕ್ಕೆ ಅಂದಿರೇ ಹೊರತು ಯಾರೂ ಕೇಳಲಿಲ್ಲ ಅಂದೆ. ಮಂಡಿನೋವು ಒಪ್ಪಿಸಿದೆ. ಮಳೆ ಒಪ್ಪಿಸಿದೆ. ಆಮೇಲೆ ಅವಳನ್ನೂ ಎದುರಿಗೆ ನಿಲ್ಲಿಸಿ ಪೆನ್ನು ಕೆಳಗಿಟ್ಟ. ಇಬ್ಬರ ಉತ್ತರದಲ್ಲೂ ಒಂದಕ್ಷರ ವ್ಯತ್ಯಾಸ ಇಲ್ಲವಂತೆ. ತನಗೆ ಮದುವೆಯಾಗಿ ಇಪ್ಪತ್ತು ವರ್ಷ, ಮದುವೆಯ ತಾರೀಖಿನ ಬಗ್ಗೆಯೇ ಇನ್ನೂ ಒಮ್ಮತ ಇಲ್ಲವಂತೆ.

ಕ್ವಾರಿಯ ಧೂಳು ಆಗಲೇ ಮೂಗಿಗೆ ಬಡಿಯಿತು.

ಕೊನೆಗೆ ಸುಮ್ಮನೆ ಎಂಬಂತೆ ಅವಳನ್ನು ಕೇಳಿದ, ಇವನು ಗೊರಕೆ ಹೊಡೀತಾನಾ ಅಂತ. ಇದು ಪಾಠದಲ್ಲಿರಲಿಲ್ಲ.

"ಪಕ್ಕದ ಮನೆಯೋರು ಬಾಗಿಲು ತಟ್ಟಿದ್ದಾರೆ ಸರ್."

ನನಗೆ ಪ್ರಾಣಭಯ ಮರೆತೇ ಹೋಯಿತು. "ಸುಳ್ಳು. ಜನ್ಮದಲ್ಲಿ ಹೊಡೆದವನಲ್ಲ."

"ನಿಮಗೆ ಹ್ಯಾಗ್ರೀ ಗೊತ್ತಾಗತ್ತೆ? ಮಲಗಿರೋರು ನೀವು. ಎದ್ದು ಕೂತಿರೋಳು ನಾನು."

ನಾನು ಬಿಡಲಿಲ್ಲ. ಅವಳೂ ಬಿಡಲಿಲ್ಲ. ಸೋಮಾರಿ ಭಾವಮೈದುನನನ್ನೂ ನಡುವೆ ಎಳೆದೆ. ಗುಮಾಸ್ತ ಕನ್ನಡಕ ತೆಗೆದು ಒರೆಸಿದ. ಸಾಕು ಮಾಡಿ, ಮನೆಗೆ ಹೋದರೆ ನನಗೂ ಇದೇ, ಅಂದ. ಮೊಹರು ಒತ್ತಿದ.

ಹೊರಗೆ ಬಂದ ಮೇಲೂ ಮುಖ ಊದಿಸಿಕೊಂಡೇ ನಡೆದೆ ನಾನು. ಗೊರಕೆಯಂತೆ.

ಮಾರ್ಚ್ 11, ರೈಲಿನಲ್ಲಿ
ಗೇಟು ದಾಟಿ ಒಂದು ಗಂಟೆ. ಒಂದೇ ಬೆಂಚು. ಇನ್ನು ಪರೀಕ್ಷೆ ಮಾಡುವವರಿಲ್ಲ. ಮರ್ಯಾದಸ್ಥನ ಹಾಗೆ ಹೇಳಿಬಿಟ್ಟೆ — ನಾಟಕ ಮುಗಿಯಿತು, ನಿಮ್ಮ ದಾರಿ ನಿಮಗೆ, ನನ್ನ ಹಂಗೇನಿಲ್ಲ. ಹೇಳಿದವನೇ ಅವಳ ಕಡೆ ನೋಡದೆ ಬೆಂಚು ಒರೆಸತೊಡಗಿದೆ. ಧೂಳಿತ್ತು.

ಅವಳು ಕಿಟಕಿ ಎಳೆದು ಮುಚ್ಚಿದಳು. ಆಮೇಲೆ, "ನೀವು ಇಳಿಯೋ ಸ್ಟೇಷನ್ ಯಾವುದು ಹೇಳಿ. ನಾನೂ ಚೀಲ ಹತ್ತಿರ ಇಟ್ಕೋಬೇಕಲ್ಲ."

ಹೇಳಿದೆ. ಚೀಲ ಎಳೆದುಕೊಂಡಳು. ಎಷ್ಟು ಬರೀತೀರಿ ಸಾಕು, ಅನ್ನುತ್ತಿದ್ದಾಳೆ. ಇದೊಂದು ಸಾಲು ಮುಗಿಸೋಣ ಅಂದರೆ ಪೆನ್ಸಿಲ್ ಹಿಡಿದ ಕೈಯನ್ನೇ